ವಿಮಾನ ನನ್ನದು, ಉತ್ತರ ಅವರದು

ತೀರ್ಪುಗಾರರು ನನ್ನ ವಿಮಾನವನ್ನು ಕೈಗೆತ್ತಿಕೊಂಡರು. ಪ್ರಶ್ನೆ ಕೇಳಿದ್ದು ಮಾತ್ರ ನನ್ನ ಗಂಡನನ್ನು. "ರೆಕ್ಕೆ ಸೂಪರ್ ಸಾರ್. ಪ್ಲಾನ್ ನೀವೇ ಹಾಕಿದ್ದಾ?" ಎಂದು ತಮಿಳಿನಲ್ಲಿ ವಿಚಾರಿಸಿದರು. ಇವರು ಹೌದೆಂದು ತಲೆಯಾಡಿಸಿ, "ಆಮಾ ಸಾರ್" ಎಂದುಬಿಟ್ಟರು.

ಸೇಲಂನಲ್ಲಿ ನಡೆದ ರಿಮೋಟ್ ವಿಮಾನಗಳ ಸ್ಪರ್ಧೆ ಅದು. ಮೇಚೇರಿಯ ನಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಎರಡು ತಿಂಗಳು ನಕ್ಷೆ ಬರೆದು, ಫೋಮ್ ಬೋರ್ಡ್ ಕತ್ತರಿಸಿ, ಬಿಸಿ ಅಂಟಿಗೆ ಬೆರಳು ಸುಟ್ಟುಕೊಂಡವಳು ನಾನು. ಇವರು ಒಂದು ದಿನವೂ ಬ್ಲೇಡ್ ಹಿಡಿದವರಲ್ಲ. "ಈ ಗುಜರಿ ಎತ್ತಾಕು" ಎಂದು ಗೊಣಗುತ್ತಿದ್ದವರು.

ಮೈಯೆಲ್ಲ ಉರಿಯಿತು. ರಿಮೋಟನ್ನು ಇವರ ಕೈಗಿಟ್ಟು, "ನೀವೇ ಮಾಡಿರದಲ್ವಾ, ನೀವೇ ಆರ್ಸಿ" ಎಂದೆ. ಅದರ ಮೇಲಿನ ಯಾವ ಕಡ್ಡಿಯನ್ನು ಎತ್ತ ತಳ್ಳಬೇಕೆಂದು ತಿಳಿಯದೆ ಇವರು ಹಿಂದೆ ಮುಂದೆ ತಿರುಗಿಸಿ ನೋಡಿ ನನಗೇ ವಾಪಸ್ ಕೊಟ್ಟರು. ತೀರ್ಪುಗಾರರು ಪೆಚ್ಚಾಗಿ ನನ್ನ ಹೆಸರು ಬರೆದುಕೊಂಡರು. ನಾನೇ ಹಾರಿಸಿದೆ, ನಾಲ್ಕು ಸುತ್ತು ಹಾಕಿಸಿ ಹುಲ್ಲಿನ ಮೇಲೆ ಮೆತ್ತಗೆ ಇಳಿಸಿದೆ. ಎರಡನೇ ಬಹುಮಾನ ಬಂತು.

ಬಸ್ಸಿನಲ್ಲಿ ಇವರು, "ಸುಮ್ನೆ ಅಂದೆ, ಅದುಕ್ಯಾಕ್ ಇಷ್ಟು ಕೋಪ?" ಎಂದರು.

ತೀರ್ಪುಗಾರರನ್ನು ಅಂದೇ ಕ್ಷಮಿಸಿದೆ, ಅವರಿಗೆ ನಾನು ಅಪರಿಚಿತಳು. ಹದಿನಾಲ್ಕು ವರ್ಷ ಜೊತೆಗೆ ಬಾಳಿದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.