ಗಿಳಿಯ ಗಂಟಲಲ್ಲಿ ಕಳ್ಳನ ದನಿ

ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಆಕೆಯನ್ನು ಹೆತ್ತವರು ಇಟ್ಟ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಚಿಕ್ಕವರಿಗೆ ಗಿಳಿಯಕ್ಕ, ದೊಡ್ಡವರಿಗೆ ಬರೀ ಗಿಳಿ. ಯಾರ ಮಾತನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವರ ದನಿ, ಕೆಮ್ಮು, ಮಾತಿನ ನಡುವೆ ಮೂಗು ಸೇದುವ ರೀತಿ ಎಲ್ಲವೂ ಅವಳ ಗಂಟಲಿಗೆ ಬಂದು ಕೂತುಬಿಡುತ್ತಿದ್ದವು. ಶಾಲೆಯಲ್ಲಿದ್ದಾಗ ಬಾಗಿಲಾಚೆ ನಿಂತು ಮೇಷ್ಟ್ರ ದನಿಯಲ್ಲಿ "ಇವತ್ತಿಗೆ ಸಾಕು, ಮನೆಗೆ ಹೋಗಿ" ಎಂದು ಕೂಗಿ ಇಡೀ ತರಗತಿಯನ್ನು ಖಾಲಿ ಮಾಡಿಸಿ, ಚೆನ್ನಾಗಿ ಒದೆ ತಿಂದಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆಯ ದನಿಯಲ್ಲಿ ಗಂಡನನ್ನು ಗದರಿಸಿ ಹಾಲು ತರಲು ಓಡಿಸಿದ್ದಳು. ಹಿಂದೆಯೇ ನಿಂತಿದ್ದ ಅತ್ತೆ, "ನನ್ನ ನಾಲಿಗೇನೂ ಬಿಡಲಿಲ್ವಲ್ಲೇ ನೀನು!" ಎಂದವರು ವಾರವಿಡೀ ಸೊಸೆಯ ಜೊತೆ ಮಾತು ಬಿಟ್ಟಿದ್ದರು.

ಗಿಳಿಯ ಅಂಗಡಿಗೂ ಪಕ್ಕದ ಇಸ್ತ್ರಿ ಅಂಗಡಿಗೂ ನಡುವೆ ಇದ್ದದ್ದು ಒಂದು ತೆಳ್ಳಗಿನ ಹಲಗೆ ಗೋಡೆ. ಈಚೆ ಯಂತ್ರದ ಟಕಟಕ, ಆಚೆ ಬಟ್ಟೆಗೆ ನೀರು ಚಿಮುಕಿಸುವ ಸದ್ದು. ಇಸ್ತ್ರಿ ಅಂಗಡಿಯ ಅಕ್ಕನೂ ಗಿಳಿಯೂ ದಿನವಿಡೀ ಆ ಹಲಗೆಯ ಮೂಲಕವೇ ಹರಟುತ್ತಿದ್ದರು. ಅಕ್ಕ ಗಂಡನನ್ನು ಕಳೆದುಕೊಂಡವಳು, ಅವಳಿಗೆ ಒಬ್ಬಳೇ ಮಗಳು. ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಬೀದಿಯ ಕೊನೆಯಲ್ಲಿದ್ದ ಪತ್ತಿನ ಸಹಕಾರ ಸಂಘದಲ್ಲಿ ಹಣ ಕೂಡಿಡುತ್ತಾ ಬಂದಿದ್ದಳು.

ಒಂದು ಮಧ್ಯಾಹ್ನ ಹಲಗೆಯ ಆಚೆಯಿಂದ ಮಾತಿನ ಬದಲು ಸುಟ್ಟ ವಾಸನೆ ಬಂತು. ಗಿಳಿ ಎದ್ದು ಓಡಿದಳು. ಯಾರದೋ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಮಕಾಡೆ ಮಲಗಿ ಹೊಗೆಯಾಡುತ್ತಿತ್ತು. ಅಕ್ಕ ಸ್ಟೂಲಿನ ಮೇಲೆ ಫೋನು ಹಿಡಿದುಕೊಂಡು ಕಲ್ಲಿನಂತೆ ಕೂತಿದ್ದಳು.

"ಸಂಘದಿಂದ ಫೋನ್ ಬಂದಿತ್ತು ಕಣೇ," ಎಂದಳು. "ಯಾರೋ ನನ್ನ ಖಾತೆಗೆ ಕೈ ಹಾಕಿದಾರಂತೆ. ಕೂಡ್ಲೇ ನಿಲ್ಲಿಸ್ಬೇಕು, ಫೋನಿಗೆ ಬಂದ ನಂಬರ್ ಹೇಳಿ ಅಂದ. ಹೇಳಿದೆ."

ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ. ಗಿಳಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅಕ್ಕನ ಕೈ ಹಿಡಿದು ಎಬ್ಬಿಸಿದಳು. "ಯಾರಿಗೂ ಹೇಳಬೇಡ ಕಣೇ, ಓದಿರೋ ಮಗಳ ಮುಂದೆ ಹೇಗೆ ಮುಖ ಎತ್ತಲಿ?" ಎಂದು ಅಕ್ಕ ಗೋಗರೆಯುತ್ತಿದ್ದರೂ ಬಿಡದೆ ಸಂಘಕ್ಕೆ ಎಳೆದುಕೊಂಡು ಹೋದಳು. ಅಲ್ಲಿಂದ ಪೊಲೀಸ್ ಠಾಣೆಗೂ ಹೋದರು. ದೂರು ದಾಖಲಾಯಿತು. ಹಣ ಮಾತ್ರ ಆಗಲೇ ಎಲ್ಲೆಲ್ಲಿಗೋ ಹಾರಿಹೋಗಿತ್ತು.

ಸಂಘದ ಕಾರ್ಯದರ್ಶಿ ಒಳ್ಳೆಯ ಮನುಷ್ಯ. ತಲೆಯ ಮೇಲೆ ಕೈ ಹೊತ್ತು ಕೂತರು. "ಮೊನ್ನೆ ಬೇಕರಿಯವರು, ಅದಕ್ಕೂ ಮುಂಚೆ ಗಾರೆ ಮೇಸ್ತ್ರಿ, ಈಗ ನೀವು. ಪ್ರತಿ ಸಭೆಯಲ್ಲೂ ಹೇಳ್ತೀನಿ. ಗೋಡೆ ಮೇಲೆ ಬೋರ್ಡ್ ಹಾಕಿದೀನಿ. ಎಲ್ಲರೂ ತಲೆ ಆಡಿಸ್ತಾರೆ, ಹೊರಗೆ ಹೋಗಿ ಮೋಸ ಹೋಗ್ತಾರೆ."

ಆ ಸಭೆಗಳು ಗಿಳಿಗೂ ಗೊತ್ತಿದ್ದವು. ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರ, ತಲೆಯ ಮೇಲೆ ಗರಗರ ಫ್ಯಾನು, ಕಾರ್ಯದರ್ಶಿಗಳ ಜೋಗುಳದಂಥ ದನಿ. ಅಕ್ಕ ಅವಳ ಪಕ್ಕದಲ್ಲೇ ಕೂತು, ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದ್ದಳು.

ಆಮೇಲೆ ಹಲಗೆಯ ಆಚೆ ಮಾತು ಸತ್ತುಹೋಯಿತು. ಬಟ್ಟೆ ಕೊಡಲು ಬಂದವರಿಗೂ ಅಕ್ಕ "ಹ್ಞೂಂ", "ಊಹೂಂ" ಎರಡರಲ್ಲೇ ಮುಗಿಸುತ್ತಿದ್ದಳು. ಈ ಮೌನ ತಡೆಯಲಾಗದೆ ಒಂದು ದಿನ ಗಿಳಿ ಹೋಗಿ ಎದುರು ಕೂತಳು.

"ಅಕ್ಕ, ಅವನು ಹೇಗೆ ಮಾತಾಡಿದ ಹೇಳು."

"ಆ ಹಾಳಾದವನ ಮಾತು ಈಗ್ಯಾಕೆ?"

"ಹೇಳಕ್ಕ."

ಅಕ್ಕ ಒಲ್ಲದ ಮನಸ್ಸಿನಿಂದ ಹೇಳಿದಳು. ಮೊದಲು ಮನೆಮಗನ ಹಾಗೆ "ಅಮ್ಮಾ, ಊಟ ಆಯ್ತಾ?" ಎಂದನಂತೆ. ಆಮೇಲೆ ದನಿ ಗಟ್ಟಿಯಾಯಿತಂತೆ. "ಫೋನ್ ಇಡಬೇಡಿ, ಇಟ್ರೆ ಎಲ್ಲಾ ಹೋಯ್ತು" ಎಂದು ಉಸಿರಾಡಲೂ ಬಿಡಲಿಲ್ಲವಂತೆ. ಗಿಳಿ ಕಣ್ಣು ಮುಚ್ಚಿ ಕೇಳಿ, ಒಮ್ಮೆ ಅಂದು ನೋಡಿದಳು. "ಇಷ್ಟು ದಪ್ಪ ಅಲ್ಲ. ಸ್ವಲ್ಪ ಮೂಗಿನಲ್ಲಿ," ಎಂದು ಅಕ್ಕ ತಿದ್ದಿದಳು. ಮತ್ತೆ ಅಂದಳು. ಈ ಸಲ ಅಕ್ಕನ ಕೈಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು.

"ಅದೇ! ಅದೇ ದನಿ! ನಿಲ್ಲಿಸೇ, ಎದೆ ಹೊಡ್ಕೊಳ್ತಿದೆ."

ಗಿಳಿ ನಿಲ್ಲಿಸಲಿಲ್ಲ. ಅದೇ ಮಾತು, ಅದೇ ಮೂಗು, ಅದೇ ಗದರಿಕೆ, ಇನ್ನೊಮ್ಮೆ, ಮತ್ತೊಮ್ಮೆ. ಕೇಳುತ್ತಾ ಕೇಳುತ್ತಾ ಅಕ್ಕನ ಮುಖದ ಬಿಗಿ ಸಡಿಲವಾಯಿತು. ಕೊನೆಗೆ ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಗಿಳಿ ಹೆದರಿದರೆ, ಆಕೆ ನಗುತ್ತಿದ್ದಳು.

"ಥೂ, ಇಷ್ಟೇನಾ ಇವನು! ಬಾಯಿಪಾಠ ಒಪ್ಪಿಸೋ ಹುಡುಗನ ಥರ ಇದಾನಲ್ಲೇ!"

ಗಿಳಿಗೆ ತಟ್ಟನೆ ಹೊಳೆಯಿತು. ಅಕ್ಕನಿಗೆ ಬುದ್ಧಿ ಕಡಿಮೆಯಾಗಿರಲಿಲ್ಲ. ಕಿವಿ ಪಳಗಿರಲಿಲ್ಲ, ಅಷ್ಟೆ. ಮೊದಲ ಸಲ ಕೇಳಿದಾಗ ಗುಮ್ಮ, ನಾಲ್ಕನೇ ಸಲಕ್ಕೆ ಬೆದರುಬೊಂಬೆ. ಹಾಗಾದರೆ ಆ ಮೊದಲನೆಯ ಸಲ ಸಂಘದ ಸಭಾಂಗಣದಲ್ಲೇ ಯಾಕೆ ಆಗಿಹೋಗಬಾರದು?

ಕಾರ್ಯದರ್ಶಿ ಮೊದಲು ಬೆಚ್ಚಿಬಿದ್ದರು. "ಸಂಘದೊಳಗೇ ಕಳ್ಳನ ಆಟ ಆಡಿಸೋದಾ? ಏನಮ್ಮಾ ನೀನು!" ಆಮೇಲೆ ತುಸು ಹೊತ್ತು ಪೆನ್ನು ಕಚ್ಚುತ್ತಾ ಕೂತು, "ನನ್ನ ಭಾಷಣ ಕೇಳಿದ್ರೆ ನನಗೇ ನಿದ್ದೆ ಬರುತ್ತೆ. ಆಗಲಿ, ಮಾಡು. ಆದರೆ ಒಪ್ಪಿ ಬಂದವರ ಜೊತೆ ಮಾತ್ರ. ಯಾರ ನಿಜವಾದ ನಂಬರೂ ಬಾಯಿಗೆ ಬರಕೂಡದು," ಎಂದರು.

ಸಭೆಯ ದಿನ ವೇದಿಕೆಯ ಮೇಲೆ ಒಂದು ಕುರ್ಚಿ, ಧ್ವನಿವರ್ಧಕಕ್ಕೆ ಜೋಡಿಸಿದ ಒಂದು ಫೋನು. ಗಿಳಿ ಹಿಂದಿನ ಸಾಮಾನು ಕೋಣೆಯಲ್ಲಿ, ಕಾಲು ಮುರಿದ ಬೆಂಚುಗಳ ನಡುವೆ. ಕುರ್ಚಿಗೆ ಬಂದು ಕೂರುವವರು ಯಾರು ಎಂದು ಕೇಳಿದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಮೂರನೇ ಸಾಲಿನಿಂದ ಎದ್ದವರು ಅತ್ತೆ.

"ಮಾತಾಡೋಳು ನನ್ನ ಸೊಸೆ ಅಂತ ಗೊತ್ತಿದ್ದೂ ಮೋಸ ಹೋಗೋಕೆ ನಾನೇನು ಮಂಕೇ?"

ಕಾರ್ಯದರ್ಶಿ ಅವರ ಕೈಗೆ ಒಂದು ಚೀಟಿ ಕೊಟ್ಟು, ಇದರಲ್ಲಿರುವ ನಾಲ್ಕಂಕಿಯ ಸಂಖ್ಯೆಯನ್ನು ಯಾರಿಗೂ ಹೇಳಬಾರದು ಎಂದರು. ಫೋನು ರಿಂಗಾಯಿತು. ಗಂಭೀರವಾದ ಗಂಡುದನಿ ಖಾತೆ ಮುಚ್ಚಿಹೋಗುವುದಾಗಿ ಹೆದರಿಸಿತು. "ಮುಚ್ಕೊಂಡು ಹೋಗಲಿ ಬಿಡೇ," ಎಂದರು ಅತ್ತೆ. ಸಭೆ ಚಪ್ಪಾಳೆ ತಟ್ಟಿತು. ಅತ್ತೆ ಸೆರಗು ಸರಿಮಾಡಿಕೊಂಡರು.

ಹೆದರಿಕೆ ನಡೆಯುವುದಿಲ್ಲ ಎಂದು ಒಳಗಿದ್ದ ಗಿಳಿಗೆ ಗೊತ್ತಾಯಿತು. ಆದರೆ ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಬಾಳಿದವಳಿಗೆ ಅತ್ತೆಯ ಮರ್ಮ ಗೊತ್ತಿರುವುದಿಲ್ಲವೇ? ದನಿಗೆ ಬೆಣ್ಣೆ ಹಚ್ಚಿದಳು.

"ಒಪ್ಪಿದೆ ಅಮ್ಮಾ, ನಿಮ್ಮ ಮುಂದೆ ನಮ್ಮ ಆಟ ನಡೆಯಲ್ಲ. ಇಷ್ಟು ಹುಷಾರಾದವರನ್ನ ನಾನು ನೋಡೇ ಇಲ್ಲ. ಎಲ್ಲರಿಗಿಂತ ಎಚ್ಚರದ ಸದಸ್ಯೆ ಅಂತ ಬಹುಮಾನಕ್ಕೆ ನಿಮ್ಮನ್ನೇ ಆರಿಸಿದೀವಿ. ಚೀಟಿ ನಿಮ್ಮ ಕೈಲೇ ಇದೆ ತಾನೇ? ಬಹುಮಾನ ಬೇರೆಯವರ ಪಾಲಾಗಬಾರದು ನೋಡಿ. ಒಂದ್ಸಲ ಓದಿಬಿಡಿ."

"ಇದೆಯಪ್ಪಾ, ಇಲ್ಲೇ ಇದೆ," ಎಂದು ಅತ್ತೆ ಕನ್ನಡಕ ಏರಿಸಿ, ನಾಲ್ಕೂ ಅಂಕಿಗಳನ್ನು ಗಟ್ಟಿಯಾಗಿ ಸ್ಪಷ್ಟವಾಗಿ ಓದಿದರು.

ಸಭೆ ನಕ್ಕ ನಗುವಿಗೆ ಕಿಟಕಿಯ ಗಾಜು ಅದುರಿತು. ಮನೆಗೆ ಹೋದ ಮೇಲೆ ತನ್ನ ಗತಿ ಏನೋ ಎಂದುಕೊಳ್ಳುತ್ತಾ ಗಿಳಿ ಬಾಗಿಲ ಸಂದಿಯಿಂದ ಇಣುಕಿದಳು. ಅತ್ತೆ ಕೆಂಪಗಾಗಿದ್ದರು. ಚೀಟಿ ನೋಡಿದರು, ಫೋನು ನೋಡಿದರು, ಹೊಟ್ಟೆ ಹಿಡಿದುಕೊಂಡು ತಾವೇ ನಗತೊಡಗಿದರು.

"ಹೊಗಳಿದ್ಲಲ್ಲ, ಅಲ್ಲೇ ಜಾರಿಬಿದ್ದೆ! ಗಿಳೀ, ಇನ್ನೊಂದ್ಸಲ ಮಾಡೇ. ಈ ಸಲ ನೋಡ್ಕೋತೀನಿ."

ಅತ್ತೆಯೇ ಬಿದ್ದ ಮೇಲೆ ಮಿಕ್ಕವರಿಗೆ ಯಾವ ನಾಚಿಕೆ? ಬೇಕರಿಯವರು ಬಂದರು, ಗಾರೆ ಮೇಸ್ತ್ರಿ ಬಂದರು. ಗಿಳಿ ಒಬ್ಬರಿಗೆ ಹಣ ದುಪ್ಪಟ್ಟು ಮಾಡುವ ದಲ್ಲಾಳಿಯಾದಳು, ಇನ್ನೊಬ್ಬರಿಗೆ ಆಸ್ಪತ್ರೆಯಿಂದ ಅಳುವ ಮೊಮ್ಮಗನಾದಳು. ಪ್ರತಿ ಕರೆಯ ಕೊನೆಗೂ ಕಾರ್ಯದರ್ಶಿ ಭಾಷಣ ಮಾಡದೆ ಒಂದೇ ಮಾತು ಹೇಳಿದರು: "ಗುಟ್ಟಿನ ನಂಬರ್ ಕೇಳಿದವನು ಸಂಘದವನಲ್ಲ. ಫೋನ್ ಇಡಿ. ಪಾಸ್‌ಬುಕ್ಕಿನ ಮೇಲಿರೋ ನಂಬರಿಗೆ ನೀವೇ ಮಾಡಿ." ಸಂಜೆಯ ಹೊತ್ತಿಗೆ ಸಭೆ ಅದನ್ನು ಹಾಡಿನಂತೆ ಹೇಳುತ್ತಿತ್ತು.

ಇದರಿಂದ ಕಾರ್ಯದರ್ಶಿಗಳಿಗೇ ಪೇಚಾಯಿತು. ಸಾಲದ ಕಂತು ನೆನಪಿಸಲು ಯಾರಿಗೆ ಫೋನು ಮಾಡಿದರೂ, "ಗಿಳೀ, ಸಾಕು ನಿನ್ನಾಟ, ಗಂಟಲು ಸರಿ ಕೂತಿಲ್ಲ ಇವತ್ತು," ಎಂದು ಇಟ್ಟುಬಿಡುತ್ತಿದ್ದರು. ಆಮೇಲೆ ಪಾಸ್‌ಬುಕ್ ನೋಡಿ ಸಂಘಕ್ಕೆ ತಾವೇ ಫೋನು ಮಾಡಿ, "ನಿಜವಾಗ್ಲೂ ನೀವೇನಾ?" ಎಂದು ವಿಚಾರಿಸುತ್ತಿದ್ದರು. ಬೈಯಬೇಕೋ ನಗಬೇಕೋ ತಿಳಿಯದೆ ಅವರು, "ಇದೇ ಬೇಕಾಗಿತ್ತಲ್ಲಪ್ಪಾ ನನಗೆ," ಎಂದುಕೊಂಡರು.

ಇಸ್ತ್ರಿ ಅಂಗಡಿಯ ಅಕ್ಕ ಮಾತ್ರ ಯಾವ ಸಭೆಯಲ್ಲೂ ಆ ಕುರ್ಚಿ ಏರಲಿಲ್ಲ. ಗಿಳಿಯೂ ಒತ್ತಾಯಿಸಲಿಲ್ಲ.

ಒಂದು ಬೆಳಗ್ಗೆ ಗಿಳಿ, ಅಂಚು ಮಡಿಸಿ ಹೊಲಿದ ಪ್ಯಾಂಟುಗಳನ್ನು ಇಸ್ತ್ರಿಗೆ ಕೊಡಲು ಹೋಗಿದ್ದಳು. ತಲೆ ಬಗ್ಗಿಸಿ ಇಸ್ತ್ರಿ ಮಾಡುತ್ತಿದ್ದ ಅಕ್ಕ ಅವಳನ್ನು ಗಮನಿಸುವ ಮೊದಲೇ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. "ಗಿಳಿಯದೇ ಆಟ ಇರಬೇಕು," ಎನ್ನುತ್ತಾ ಸ್ಪೀಕರ್ ಒತ್ತಿ ತಲೆಯೆತ್ತಿದ ಅಕ್ಕನ ಎದುರಿಗೇ ಗಿಳಿ ನಿಂತಿದ್ದಳು.

"ಅಮ್ಮಾ, ಊಟ ಆಯ್ತಾ?"

ಅದೇ ಮೂಗಿನ ದನಿ. ಈ ಸಲ ಅವನು ಪೊಲೀಸ್ ಅಧಿಕಾರಿ. ಕಳೆದುಹೋದ ಅವಳ ಹಣವೆಲ್ಲ ಸಿಕ್ಕಿದೆ, ಬಿಡಿಸಿಕೊಳ್ಳಲು ಮೊದಲು ಶುಲ್ಕ ಕಟ್ಟಬೇಕು, ಇವತ್ತೇ, ಈಗಲೇ.

"ಸಿಕ್ಕಿದೆಯಾ?" ಅಕ್ಕ ಫೋನಿನ ಹತ್ತಿರಕ್ಕೆ ಬಾಗಿದಳು. ಹೆದರಿಕೆಯ ಹಗ್ಗಕ್ಕಿಂತ ಆಸೆಯ ಹಗ್ಗ ಗಟ್ಟಿ. ಫೋನು ಕಸಿದುಕೊಳ್ಳಲು ಗಿಳಿಯ ಕೈ ತುರಿಸಿತು. ಕಸಿದುಕೊಂಡರೆ ಹಣ ಉಳಿಯುತ್ತಿತ್ತು, ಅಕ್ಕ ಮಾತ್ರ ಮತ್ತೆ ಆ ಸ್ಟೂಲಿನ ಮೇಲೆ ಕಲ್ಲಾಗಿ ಕೂರುತ್ತಿದ್ದಳು. ಗಿಳಿ ಕೈ ಕಟ್ಟಿಕೊಂಡು ನಿಂತಳು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಸ್ವಿಚ್ಚು ಆರಿಸಿದಳು.

"ಊಟ ಆಯ್ತಪ್ಪಾ. ನಿಂದು?"

ಅತ್ತ ಕಡೆಯವನು ತಡವರಿಸಿದ. "ಅಮ್ಮಾ, ಟೈಮ್ ಇಲ್ಲ. ಫೋನ್ ಇಡಬೇಡಿ."

"ಯಾಕೆ ಇಡ್ಲಿ? ನನ್ನ ದುಡ್ಡು ತಂದ ದೇವರು ನೀನು. ಎಲ್ಲಿಗೆ ಕಳಿಸ್ಬೇಕು, ಯಾರ ಹೆಸರಿಗೆ, ನಿಧಾನಕ್ಕೆ ಹೇಳು. ಕಿವಿ ಸ್ವಲ್ಪ ಮಂದ ನಂಗೆ."

ಅವನು ಖಾತೆ ಸಂಖ್ಯೆ ಹೇಳಿದ. "ಕೇಳಿಸ್ಲಿಲ್ಲ ಕಣಪ್ಪಾ," ಎಂದಳು. ಮತ್ತೆ ಹೇಳಿದ. ಗಿಳಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ದರ್ಜಿ ಸೀಮೆಸುಣ್ಣ ತೆಗೆದು, ಕೈಗೆ ಸಿಕ್ಕಿದ ಕಪ್ಪು ಪ್ಯಾಂಟಿನ ಕಾಲಿನ ಮೇಲೆ ಅಂಕಿಗಳನ್ನು ಬರೆದಳು. ಬರೆದಿದ್ದಾಯಿತು ಎಂದು ಕಣ್ಣಲ್ಲೇ ಹೇಳಿದಳು.

ಅಕ್ಕ ಫೋನನ್ನು ಬಾಯಿಯ ಹತ್ತಿರ ತಂದಳು. ಆಗ ಅವಳ ಮೂಗಿನಿಂದ ಹೊರಟ ದನಿ ಕೇಳಿ ಗಿಳಿಯೇ ದಂಗಾದಳು.

"ಫೋನ್ ಇಡಬೇಡಿ, ಇಟ್ರೆ ಎಲ್ಲಾ ಹೋಯ್ತು! ಹೆಂಗಿದೆ ಮಗನೇ, ನಿನ್ನ ಪಾಠ ನಾನು ಒಪ್ಪಿಸಿದ್ದು?"

ಕರೆ ಕಡಿದುಹೋಯಿತು. ಅಕ್ಕ ಗಿಳಿಯನ್ನು ನೋಡಿದಳು, ಗಿಳಿ ಅಕ್ಕನನ್ನು ನೋಡಿದಳು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕರು, ಅತ್ತರು, ಮತ್ತೆ ನಕ್ಕರು. ಆಮೇಲೆ ಪ್ಯಾಂಟನ್ನು ಬಾವುಟದಂತೆ ಹಿಡಿದುಕೊಂಡು ಸಂಘಕ್ಕೆ ಓಡಿದರು.

"ಇನ್ನೊಂದ್ಸಲ ಹೀಗೆ ಆಡಿಸೋಕೆ ಹೋಗಬೇಡಿ, ಸುಮ್ಮನೆ ಇಟ್ಟುಬಿಡಿ," ಎಂದು ಕಾರ್ಯದರ್ಶಿ ಗದರುತ್ತಲೇ ಸೀಮೆಸುಣ್ಣದ ಅಂಕಿಗಳನ್ನು ಪೊಲೀಸರಿಗೆ ಓದಿ ಹೇಳಿದರು. ಪೊಲೀಸರು ತಡಮಾಡಲಿಲ್ಲ. ಆ ಖಾತೆ ಅವತ್ತೇ ಸ್ಥಗಿತವಾಯಿತು. ತನ್ನ ಖಾತೆಯನ್ನು ಕಳ್ಳರಿಗೆ ಬಾಡಿಗೆಗೆ ಕೊಟ್ಟಿದ್ದವನು ಮೊದಲು ಸಿಕ್ಕ, ಅವನ ಹಿಂದಿದ್ದ ಗುಂಪು ಆಮೇಲೆ ಸಿಕ್ಕಿತು. ತಿಂಗಳುಗಳು ಹಿಡಿದವು, ಅಕ್ಕನ ಹಣ ಪೂರ್ತಿ ಬರಲಿಲ್ಲ, ಅರ್ಧಕ್ಕೂ ಹೆಚ್ಚು ಬಂತು. ಉಳಿದದ್ದಕ್ಕೆ ಸಂಘ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ಮಗಳು ನರ್ಸಿಂಗ್ ಸೇರಿದಳು. ನಡೆದದ್ದೆಲ್ಲವನ್ನೂ ಅಕ್ಕ ಕೊನೆಗೆ ಮಗಳಿಗೆ ಹೇಳಿದಾಗ, ಅವಳು ತಾಯಿಯ ಕೈ ಹಿಡಿದು ಕೇಳಿದ್ದು ಒಂದೇ: "ಅಮ್ಮಾ, ಆ ದನಿ ಮಾಡಿ ತೋರ್ಸೇ!"

ಸುದ್ದಿ ಬಸ್ಸಿಗಿಂತ ಬೇಗ ಊರೂರು ತಿರುಗಿತು. ಬೇರೆ ಊರಿನ ಸಂಘಗಳು ಗಿಳಿಯನ್ನು ಕರೆಯತೊಡಗಿದವು. ಬಸ್ ಚಾರ್ಜು, ಊಟ, ಜೊತೆಗೆ ಒಂದು ದಿನದ ಹೊಲಿಗೆಯ ಸಂಪಾದನೆಯನ್ನೂ ಕೊಟ್ಟರು. ಅಕ್ಕ ಜೊತೆಯಾದಳು. ಅತ್ತೆಯನ್ನು ಯಾರೂ ಕರೆಯಲಿಲ್ಲ. ಅವರೇ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. "ಮೋಸ ಹೋಗೋಳು ನಾನು. ನಾನಿಲ್ದೆ ನಿಮ್ಮ ನಾಟಕ ಹೇಗೆ ನಡೆಯುತ್ತೆ? ನಾಟಕದ ಬೋರ್ಡ್ ಮೇಲೆ ನನ್ನ ಫೋಟೋನೂ ಹಾಕ್ಸಿ."

ಹೀಗೆ ಗಿರಣಿಗಳಿದ್ದ ಒಂದು ಊರಿಗೆ ಹೋದಾಗ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಟ ಮುಗಿದು ಅಕ್ಕ ತನ್ನ ಕಥೆ ಹೇಳಿ ಕೂತಳು. ಹಿಂದಿನ ಸಾಲಿನಿಂದ ಒಬ್ಬ ಬಡಗಿ, ಟೋಪಿಯನ್ನು ಕೈಯಲ್ಲಿ ಹಿಸುಕುತ್ತಾ ಎದ್ದ. "ನಾನೂ ಮೋಸ ಹೋಗಿದೀನಿ. ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ," ಎಂದ. ಪಕ್ಕದಲ್ಲಿದ್ದ ಅವನ ಹೆಂಡತಿ ತಿರುಗಿ ನೋಡಿ, "ಅಯ್ಯೋ, ನಾನೂ!" ಎಂದಳು. ಆಮೇಲೆ ಕಿಟಕಿಯ ಹತ್ತಿರ ಒಂದು ಕೈ ಮೇಲೆದ್ದಿತು. ಬಾಗಿಲ ಬಳಿ ಇನ್ನೊಂದು. ಗಿಳಿ ನೋಡುತ್ತಿದ್ದಂತೆ ಸಭೆಯ ಉದ್ದಗಲಕ್ಕೂ ಕೈಗಳು ಎದ್ದವು. ತಲೆ ತಗ್ಗಿಸಿದವರು ಒಬ್ಬರೂ ಇರಲಿಲ್ಲ.

"ಬನ್ನಿ, ಬನ್ನಿ, ಎಲ್ಲರೂ ಮುಂದೆ ಬನ್ನಿ," ಎಂದು ಅತ್ತೆ ಮೈಕು ಎಳೆದುಕೊಂಡರು. "ನಮ್ಮ ಕಡೆ ಇಷ್ಟು ಜನ ಇದೀವಿ. ಪಾಪ, ಆ ಕಳ್ಳರು ಎಷ್ಟು ಜನಕ್ಕೆ ಅಂತ ಹೆದರ್ತಾರೆ?"

ಅವರೆಲ್ಲರ ಮಾತು ಕೇಳಿ ಮುಗಿಸುವ ಹೊತ್ತಿಗೆ ಬಸ್ಸು ತಪ್ಪಿಹೋಗಿತ್ತು. ಬಡಗಿಯೇ ಮರದ ಹಲಗೆ ಸಾಗಿಸುವ ತನ್ನ ವ್ಯಾನಿನಲ್ಲಿ ಮೂವರನ್ನೂ ಕೂರಿಸಿಕೊಂಡು ಹೊರಟ. ಮುಂದಿನ ಸೀಟು ತಮಗೇ ಬೇಕೆಂದು ಅತ್ತೆ ಹಟ ಹಿಡಿದು ಕೂತರು.