ಬೋಣಿಗೆ ಬೆಲ್ಲ ಬಿಟ್ಟ ಚಿಕ್ಕಬೋರಮ್ಮ

ಬೆಳಕಿನ್ನೂ ಕಣ್ಣುಜ್ಜುತ್ತಿದೆ. ಮಳವಳ್ಳಿ ಬಸ್‌ಸ್ಟ್ಯಾಂಡಿನ ಹುಣಸೆಮರದಡಿ ಚಿಕ್ಕಬೋರಮ್ಮ ಕುಕ್ಕೆ ಇಳಿಸಿ ತಪ್ಪಲೆಯ ಬಟ್ಟೆ ಸರಿಸುತ್ತಾರೆ. ಹುರುಳಿ ಗುಗ್ಗರಿಯ ಹಬೆ ಘಮ್ಮನೆ ಏಳುತ್ತದೆ. ಅಜ್ಜಿಕತೆಯ ಏಳು ಮಲ್ಲಿಗೆ ತೂಕದ ರಾಜಕುಮಾರಿಯರು ಇದನ್ನು ಮುಟ್ಟಿರಲಾರರು. ಇದು ಮೈಮುರಿದು ದುಡಿಯುವವರ ತಿಂಡಿ.

ಅವರ ಕಣ್ಣು ಮಾತ್ರ ಮಂಡ್ಯಕ್ಕೆ ಹೊರಡುವ ಮೊದಲ ಬಸ್ಸಿನ ದಾರಿಯಲ್ಲಿದೆ. ಡ್ರೈವರ್ ದೊಡ್ಡಸಿದ್ದಯ್ಯ ನಿನ್ನೆ ಮಂಡ್ಯದ ಡಾಕ್ಟರ ಬಳಿ ಮೂತ್ರ ಪರೀಕ್ಷೆಗೆ ಹೋಗಿದ್ದರು. ಈ ಸಲವೂ ಸಕ್ಕರೆ ಇಳಿಯದಿದ್ದರೆ ಸ್ಟೇರಿಂಗ್ ಬಿಡಬೇಕೆಂದು ಬಸ್ಸಿನ ಮಾಲೀಕರು ಹೇಳಿಯಾಗಿದೆ.

ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡ ಚಿಕ್ಕಬೋರಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಈ ಕುಕ್ಕೆಯಿಂದಲೇ. ಸಂಜೆ ಕಾಳು ನೆನೆಹಾಕಿದರೆ ಮೊದಲ ಕೋಳಿ ಕೂಗಿಗೆ ಒಲೆ ಹೊತ್ತಬೇಕು. ದಿನಕ್ಕೆ ಎರಡು ಸೇರು ಹುರುಳಿ, ಒಂದು ಸೇರು ಅಲಸಂದೆ. "ಮದ್ದೂರ್‌ಗೆ ಓಗೋರು ವಡೆ ಬುಟ್ಟು ಕಾಳು ತಿಂದಾರಾ ಅಂತ ನಗೋರು ಕಣಮ್ಮ," ಎಂದು ನನಗೆ ಹೇಳುತ್ತಾರೆ. "ನಗ್ಲಿ. ನಕ್ಕೋರ್ಗೂ ಅಸಿವಾಯ್ತದಲ್ಲ."

ಬನ್ನು, ಸಿಹಿ ಕಾಫಿ ಬಿಟ್ಟು, ಮೆಲ್ಲಗೆ ಕರಗುವ ಕಾಳು ತಿನ್ನಿ ಎಂದು ಡಾಕ್ಟರು ಹೇಳಿದಾಗ ದೊಡ್ಡಸಿದ್ದಯ್ಯ ಬಂದು ನಿಂತದ್ದು ಇಲ್ಲಿಗೇ. "ಬನ್ನು ತಿಂದ್ರೆ ಕೆ.ಎಂ. ದೊಡ್ಡಿ ಬರೋದ್ರೊಳ್ಗೆ ಕೈ ನಡುಗ್ತಿತ್ತು. ಗುಗ್ಗರಿ ತಿಂದ್ರೆ ಮಂಡ್ಯಗಂಟ ಒಂದೇ ಸಮ," ಎನ್ನುತ್ತಾರೆ ಅವರು. ಆದರೂ ಪರೀಕ್ಷೆಯ ಗಾಜಿನ ನಳಿಗೆ ಪ್ರತಿಸಲವೂ ಸಕ್ಕರೆ ಹೆಚ್ಚಿದೆ ಎನ್ನುವ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಡಾಕ್ಟರಿಗೂ ಬಗೆಹರಿಯಲಿಲ್ಲ.

ಬಗೆಹರಿಸಿದ್ದು ದೊಡ್ಡಸಿದ್ದಯ್ಯನ ಹೆಂಡತಿ ಮಾಯಮ್ಮ. ಕಳೆದ ತಿಂಗಳು ಬಸ್ಸು ಹತ್ತಲು ಬಂದವರು, ಚಿಕ್ಕಬೋರಮ್ಮ ಗುಗ್ಗರಿಯ ಜತೆಗೆ ದೊಡ್ಡಸಿದ್ದಯ್ಯನ ಅಂಗೈಗೆ ದಪ್ಪನೆಯ ಬೆಲ್ಲದುಂಡೆ ಇಟ್ಟದ್ದನ್ನು ಕಂಡರು. ದಿನದ ಮೊದಲ ಗಿರಾಕಿಗೆ ಬೋಣಿಯ ಬೆಲ್ಲ ಕೊಡುವುದು ಚಿಕ್ಕಬೋರಮ್ಮನ ತಾಯಿಯ ಕಾಲದ ಪದ್ಧತಿ. ಮೊದಲ ಗಿರಾಕಿ ದಿನವೂ ದೊಡ್ಡಸಿದ್ದಯ್ಯನವರೇ. ಬೆಲ್ಲವೂ ಸಕ್ಕರೆಯೇ ಎಂದು ಮಾಯಮ್ಮ ಹೇಳಿದಾಗ ಚಿಕ್ಕಬೋರಮ್ಮ ಅವರನ್ನು ಗದರಿದರು.

"ನಿಂಗೆ ಬಾಯಿರ್ಲಿಲ್ವೇನ್ಲಾ ಸಿದ್ದಯ್ಯ?"

"ಬೋಣಿ ಬೆಲ್ಲ ಬ್ಯಾಡ ಅಂದ್ರೆ ನಿನ್ ಯಾಪಾರ ಕೆಡಾಕಿಲ್ವಾ ಅಕ್ಕ?"

"ಯಾಪಾರ ಕೆಟ್ರೆ ನಾಳೆ ಆಯ್ತದೆ. ನಿನ್ ಕಣ್ಣು ಕೆಟ್ರೆ?"

ಮಾರನೆಯ ದಿನದಿಂದ ಅವರ ಅಂಗೈಗೆ ಬಿದ್ದದ್ದು ಹಸಿ ತೆಂಗಿನಕಾಯಿಯ ಚೂರು.

ದೂರದಲ್ಲಿ ಹಾರನ್ನು. ಒಂದಲ್ಲ, ಬಸ್‌ಸ್ಟ್ಯಾಂಡಿನ ನಾಯಿಗಳೆಲ್ಲ ಎದ್ದು ನಿಲ್ಲುವಷ್ಟು. ಬಸ್ಸು ನಿಲ್ಲುವ ಮೊದಲೇ ದೊಡ್ಡಸಿದ್ದಯ್ಯನ ತಲೆ ಕಿಟಕಿಯಾಚೆ.

"ನೀಲಿ ಬಂತು ಕಣಕ್ಕ, ನಿನ್ ಸೀರೆ ಅಂಗೆ ನೀಲಿ. ಸಕ್ಕರೆ ಇಳ್ದದಂತೆ."

"ಸ್ಟೇರಿಂಗು?"

"ನಂದೇ."

ಚಿಕ್ಕಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮುತ್ತುಗದ ಎಲೆಗೆ ಗುಗ್ಗರಿ ಸುರಿಯುತ್ತಾರೆ; ಮೇಲೊಂದು ತೆಂಗಿನಚೂರು. ಬಸ್ಸು ಧೂಳೆಬ್ಬಿಸಿ ಹೊರಡುತ್ತದೆ. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತವರು ಸಣ್ಣಗೆ ನಗುತ್ತಾರೆ.

"ಬಸ್ಸಿಗೆ ಸಾವ್ಕಾರ್ರು ಡೀಸೆಲ್ ಆಕುಸ್ತಾರೆ, ಡ್ರೈವರ್ಗೆ ನಾನು ಗುಗ್ಗರಿ ಆಕ್ತೀನಿ. ಎರಡ್ರಲ್ಲಿ ಒಂದಿಲ್ದಿದ್ರೂ ಮಂಡ್ಯ ಸಿಕ್ಕಾಕಿಲ್ಲ ಕಣಮ್ಮ."