ಪ್ರತಿ ಸಾಲಿನ ಮುಂದೆ ನನ್ನ ಹೆಸರು

ಅಡ್ಡಾದಿಡ್ಡಿಯಾಗಿ ಬಿದ್ದಿದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೇರೆಯವರ ಮನೆಗೆ ಹೋದರೂ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಜೋಡಿಸಿಟ್ಟೇ ಒಳಗೆ ಕಾಲಿಡುತ್ತೇನೆ. "ಇದನ್ನ ಮಾಡಂತ ನಿನಗ ಯಾರ ಹೇಳ್ಯಾರ?" ಎಂದು ಅವ್ವ ಬೈಯುತ್ತಾಳೆ. ಗೋವಾದ ಮಂಗೋರ್ ಹಿಲ್‌ನಲ್ಲಿ ಘಟ್ಟದ ಆಚೆಯಿಂದ ದುಡಿಯಲು ಬಂದ ನಮ್ಮಂಥವರ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಕೆಮ್ಮುತ್ತಾರೆ. ಅಂಥ ಕಡೆ ಬೆಳೆದವಳಿಗೆ ಇರುವ ಇಷ್ಟಗಲ ಜಾಗವನ್ನು ಒಪ್ಪವಾಗಿಡುವ ಹುಚ್ಚು ಹತ್ತಿದ್ದರಲ್ಲಿ ಅಚ್ಚರಿಯೇನಿಲ್ಲ. ಆ ಹುಚ್ಚನ್ನು ನಾನು ನೌಕರಿಗೂ ಹೊತ್ತುಕೊಂಡು ಹೋದೆ. ಅದರ ಫಲವನ್ನು ಉಂಡವರು ಮಾತ್ರ ಪಕ್ಕದ ಮನೆಯ ಕಾಕಾ.

ನಮ್ಮ ಆಫೀಸು ವಾಸ್ಕೋದಲ್ಲಿ, ಔಷಧಿ ಅಂಗಡಿಯೊಂದರ ಮೇಲೆ. ಸಾಂಕೋಲೆಯ ಕಾರ್ಖಾನೆಗಳ ಗೇಟಿನಲ್ಲಿ ಕೆಲಸಗಾರರು ಹೆಬ್ಬೆಟ್ಟು ಒತ್ತುವ ಯಂತ್ರಗಳಿರುತ್ತವಲ್ಲ, ಅವುಗಳ ಹಿಂದಿನ ಕೋಡ್ ಬರೆಯುವುದು ನಮ್ಮ ಕಸುಬು. ಯಾರು ಬಂದರು, ಯಾರು ಹೋದರು, ಯಾರದು ಯಾವ ಪಾಳಿ ಎಂಬುದನ್ನೆಲ್ಲ ಆ ಕೋಡೇ ತೀರ್ಮಾನಿಸುತ್ತದೆ. ಹಸಿರು ದೀಪ ಹತ್ತಿದರೆ ಒಳಗೆ, ಕೆಂಪು ಹತ್ತಿದರೆ ರಸ್ತೆಗೆ.

ಅದನ್ನು ಮೊದಲಿಂದ ಬರೆದುಕೊಂಡು ಬಂದವರು ಗೋವಾದವರೇ ಆದ ಒಬ್ಬ ಹಿರಿಯರು. ಅವರನ್ನು ನಾವೆಲ್ಲ ಸರ್ ಎಂದು ಕರೆಯುತ್ತಿದ್ದೆವು. ಘಟ್ಟದ ಆಚೆಯಿಂದ ಬಂದವರನ್ನು ಇಲ್ಲಿ ಘಾಟಿಗಳು ಎನ್ನುತ್ತಾರೆ. ಸಿಟ್ಟು ಬಂದಾಗ ಸ್ವಲ್ಪ ಒತ್ತಿ ಎನ್ನುತ್ತಾರೆ. ಸರ್ ಬಾಯಲ್ಲಿ ಆ ಮಾತು ನಾನು ಒಮ್ಮೆಯೂ ಕೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಒಂದನ್ನೇ ಎಷ್ಟು ಸಲ ಕೇಳಿದರೂ ಬೇಸರಪಡದೆ ಕೆಲಸ ಕಲಿಸಿದರು. ಆದರೆ ಅವರು ಬರೆದ ಕೋಡ್ ಮಾತ್ರ ದೇವರಿಗೇ ಪ್ರೀತಿ. ಒಂದು ಸಾಲು ಎಡಕ್ಕೆ, ಒಂದು ಸಾಲು ಬಲಕ್ಕೆ, ನಡುವೆ ಸುಮ್ಮಸುಮ್ಮನೆ ಖಾಲಿ ಜಾಗ. ಕೆಲಸವೇನೋ ಸರಿಯಾಗಿ ಮಾಡುತ್ತಿತ್ತು, ನೋಡುವವರ ಕಣ್ಣಿಗೆ ಮಾತ್ರ ನೋವು.

ಕೋಡ್ ಬರೆಯುವ ಎಡಿಟರಿಗೆ ಬೇಕುಬೇಕಾದ, ಪ್ಲಗಿನ್ ಎಂಬ ಪುಟ್ಟ ಸಲಕರಣೆಗಳನ್ನು ಜೋಡಿಸಿಕೊಳ್ಳಬಹುದು ಎಂದು ನನಗೆ ಗೊತ್ತಿತ್ತು. ಒಂದು ದಿನ ಹುಡುಕಿ ಎರಡನ್ನು ಹಾಕಿಕೊಂಡೆ. ಮೊದಲನೆಯದು, ಫೈಲನ್ನು ಸೇವ್ ಮಾಡಿದ ಕೂಡಲೇ ಎಲ್ಲ ಸಾಲುಗಳನ್ನೂ ಎಳೆದು ನೆಟ್ಟಗೆ ನಿಲ್ಲಿಸುತ್ತಿತ್ತು. ಎರಡನೆಯದರಲ್ಲಿ ಒಂದಷ್ಟು ಸಾಲುಗಳನ್ನು ಆರಿಸಿ ಕೀಲಿ ಒತ್ತಿದರೆ ಸಾಕು, ಅವು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ತಾವೇ ನಿಂತುಬಿಡುತ್ತಿದ್ದವು. ಸರ್ ಅವರ ಅತಿ ಹದಗೆಟ್ಟ ಫೈಲನ್ನು ತೆರೆದು ಸೇವ್ ಒತ್ತಿದ ಆ ಕ್ಷಣ ನನಗೆ ಆದ ಖುಷಿ ಇನ್ನೂ ನೆನಪಿದೆ. ಒಬ್ಬಳೇ ಕೂತು ನಕ್ಕೆ.

ನಮ್ಮ ಮಾಲೀಕ ಅದನ್ನು ನೋಡಿದ. ಸರ್‌ಗಿಂತ ಬಹಳ ಚಿಕ್ಕವನು, ಪುಣೆಯಲ್ಲಿ ಓದಿ ಬಂದವನು, ಹೊಸದೆಂದರೆ ಜೀವ ಬಿಡುವವನು. ಎಲ್ಲ ಕಂಪ್ಯೂಟರಿಗೂ ಅವನ್ನು ಹಾಕಿ ಎಂದ. ಸರ್ ಅವರ ಹಳೆಯ ಕಂಪ್ಯೂಟರಿನಲ್ಲಿ ಅವು ಕೂರಲೇ ಇಲ್ಲ, ಉಳಿದವರ ಕಂಪ್ಯೂಟರುಗಳಲ್ಲಿ ಒಂದೊಂದು ಒಂದೊಂದು ಬಗೆಯಲ್ಲಿ ಹಟ ಮಾಡಿದವು. ಕೊನೆಗೆ ಹೊಸ ಕಟ್ಟಳೆ ಬಂತು: ಯಾರು ಏನೇ ಬರೆಯಲಿ, ಕಾರ್ಖಾನೆಗೆ ಹೋಗುವ ಮುಂಚೆ ಅದು ನನ್ನ ಕಂಪ್ಯೂಟರಿಗೆ ಬಂದು, ಚೊಕ್ಕಟವಾಗಿ, ಅಲ್ಲಿಂದಲೇ ಹೋಗಬೇಕು. ನಾನು ಊಟಕ್ಕೆ ಎದ್ದರೆ ಯಾರಾದರೊಬ್ಬರು ನನ್ನ ಕುರ್ಚಿಯಲ್ಲಿ ಕೂತು ತಮ್ಮ ಫೈಲನ್ನು ಹೊಂದಿಸಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಎಲ್ಲರೂ ನನ್ನ ಹೊಸ್ತಿಲು ದಾಟಿಯೇ ಹೋಗಬೇಕಲ್ಲ!

ಎಡಿಟರಿನಲ್ಲಿ ಇನ್ನೂ ಒಂದು ಪ್ಲಗಿನ್ ಇತ್ತು. ಪ್ರತಿ ಸಾಲಿನ ಮುಂದೆ, ಅದನ್ನು ಕೊನೆಗೆ ಮುಟ್ಟಿದವರ ಹೆಸರನ್ನು ಬೂದು ಬಣ್ಣದಲ್ಲಿ ತೋರಿಸುತ್ತಿತ್ತು. ಮೊದಲು ಅಲ್ಲಿ ಸರ್ ಹೆಸರು, ಮಾಲೀಕನ ಹೆಸರು, ಬಿಟ್ಟುಹೋದವರ ಹೆಸರು ಎಲ್ಲ ಇದ್ದವು. ಚೊಕ್ಕ ಮಾಡುವ ಪ್ಲಗಿನ್ ಎಲ್ಲ ಸಾಲುಗಳನ್ನೂ ಒಂದಿಷ್ಟು ಸರಿಸಿದ್ದರಿಂದ, ಮತ್ತು ಎಲ್ಲವೂ ನನ್ನ ಕಂಪ್ಯೂಟರಿನಿಂದಲೇ ಹೋಗುತ್ತಿದ್ದರಿಂದ, ಸ್ವಲ್ಪ ದಿನದಲ್ಲೇ ಮೇಲಿಂದ ಕೆಳಗಿನವರೆಗೆ ನನ್ನೊಬ್ಬಳ ಹೆಸರೇ ಉಳಿಯಿತು. "ಕಂಪನಿಯನ್ನೇ ನಿನ್ನ ಹೆಸರಿಗೆ ಮಾಡಿಕೊಂಡೆಯಲ್ಲ" ಎಂದು ಮಾಲೀಕ ನಗೆಯಾಡಿದ. ಅದರ ಫೋಟೋ ತೆಗೆದು ಅವ್ವನಿಗೂ ತೋರಿಸಿದೆ.

"ಇಷ್ಟೂ ನೀನ ಬರದೀಯೇನ?" ಎಂದಳು.

"ಬರದಿಲ್ಲವಾ, ಒರಸಿ ಇಟ್ಟೇನಿ."

"ಮತ್ತ ಹೆಸರ ನಿಂದ್ಯಾಕ?"

ಅವ್ವ ಬೇರೆಯವರ ಫ್ಲಾಟುಗಳಲ್ಲಿ ನೆಲ ಒರೆಸುತ್ತಾಳೆ. ಯಾವ ಫ್ಲಾಟಿನ ಬಾಗಿಲಿಗೂ ಅವಳ ಹೆಸರಿಲ್ಲ. ಅವಳ ಪ್ರಶ್ನೆಯನ್ನು ನಾನು ತಮಾಷೆ ಎಂದುಕೊಂಡು ಬಿಟ್ಟೆ.

ಆಮೇಲೊಂದು ದಿನ ಮಾಲೀಕ ಸರ್ ಅವರನ್ನು ಎಲ್ಲರೆದುರು ಬೈದ. ನಿಮ್ಮ ಫೈಲಿನಲ್ಲಿ ಯಾವುದೂ ಕ್ರಮದಲ್ಲಿಲ್ಲ, ಪಾಳಿಗಳನ್ನು ಬರೆದಿರುವುದನ್ನಾದರೂ ನೋಡಿ, ಒಂದಕ್ಕೊಂದು ತಾಳಮೇಳವಿಲ್ಲ ಎಂದ. ಸರ್ ಮುಖ ಕೆಂಪಾಯಿತು. ಮರುದಿನ ನಾನು ಊಟಕ್ಕೆ ಕೆಳಗಿಳಿದಾಗ ಅವರು ನನ್ನ ಕುರ್ಚಿಗೆ ಬಂದು ಕೂತು, ಆ ಪಾಳಿಯ ಸಾಲುಗಳನ್ನು ಆರಿಸಿ, ಅಕ್ಷರ ಕ್ರಮದ ಕೀಲಿ ಒತ್ತಿದರು. ಇದು ನನಗೆ ತಿಳಿದದ್ದು ಆಮೇಲೆ. ಅಂದು ಸಂಜೆ ಆ ಫೈಲು ನನ್ನ ಹೆಸರಿನಲ್ಲಿ ಕಾರ್ಖಾನೆಗೆ ಹೋಯಿತು.

ಆ ಸಾಲುಗಳು ಕಂಡಷ್ಟು ಅಸ್ತವ್ಯಸ್ತವಾಗಿರಲಿಲ್ಲ. ಯಂತ್ರ ಅವನ್ನು ಮೇಲಿಂದ ಕೆಳಗೆ ಓದುತ್ತದೆ; ಮೊದಲು ಹೊಂದಿದ ಸಾಲೇ ಅದರ ತೀರ್ಪು. ರಾತ್ರಿ ಪಾಳಿಯವರು ಇಂದು ಒಳಗೆ ಹೋದರೆ ಹೊರಗೆ ಬರುವುದು ನಾಳೆ. ಅದಕ್ಕೇ ಸರ್ ಬಹಳ ಹಿಂದೆ, ಇವನು ರಾತ್ರಿ ಪಾಳಿಯವನೇ ಎಂದು ಕೇಳುವ ಸಾಲನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು. ಬಂದವನು ಅದೇ ದಿನ ಹೊರಗೆ ಹೋಗದಿದ್ದರೆ ಗೈರುಹಾಜರಿ ಎನ್ನುವ ಸಾಲು ಎಲ್ಲಕ್ಕಿಂತ ಕೆಳಗಿತ್ತು. ಇಂಗ್ಲಿಷಿನಲ್ಲಿ ಗೈರುಹಾಜರಿಯ ಮೊದಲ ಅಕ್ಷರವೇ ಅಕ್ಷರಮಾಲೆಯ ಮೊದಲ ಅಕ್ಷರ. ಕೀಲಿ ಒತ್ತಿದ ಕೂಡಲೇ ಅದು ತಲೆಯ ಮೇಲೆ ಹತ್ತಿ ಕೂತಿತು, ರಾತ್ರಿ ಪಾಳಿ ತಳಕ್ಕೆ ಬಿತ್ತು. ನೋಡಲು ಬಹಳ ಚೆಂದವಾಗಿತ್ತು.

ರಾತ್ರಿಯಿಡೀ ದುಡಿದವರೆಲ್ಲ ಯಂತ್ರದ ಲೆಕ್ಕದಲ್ಲಿ ಕೆಲಸಕ್ಕೇ ಬಾರದವರಾದರು. ಹಾಗೆ ಕೆಲವು ದಿನ ಆದರೆ ಗೇಟ್ ಪಾಸು ತಾನಾಗಿ ಸತ್ತುಹೋಗುತ್ತದೆ.

ನನಗೆ ಸುದ್ದಿ ತಂದದ್ದು ಕಾಕು, ಕಾಕಾನ ಹೆಂಡತಿ. ಬಾಗಿಲಲ್ಲೇ ನಿಂತು, "ಇವ್ರು ಹೆಬ್ಬಟ್ಟ ಇಟ್ರ ಕೆಂಪ ಲೈಟ್ ಹತ್ತಾಕತ್ತೈತಂತವ್ವಾ, ಒಳಗ ಬಿಡವಲ್ರಂತ. ಅದು ನಿಮ್ಮ ಆಫೀಸಿನ ಮಿಷನ್ ಅಲ್ಲೇನ?" ಎಂದಳು. ಕಾಕಾ ಬಂದರಿನಲ್ಲಿ ನಮ್ಮ ಅಪ್ಪನ ಜೊತೆ ಹೊರೆ ಹೊತ್ತವರು. ಅಪ್ಪ ತೀರಿಕೊಂಡ ಮೇಲೆ, ಹುಡುಗಿಯನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚು ಎಂದು ಅವ್ವನಿಗೆ ಬುದ್ಧಿ ಹೇಳಲು ಬಂದವರನ್ನೆಲ್ಲ ನಮ್ಮ ಅಂಗಳದಿಂದಲೇ ಓಡಿಸಿದವರು. ಬೆನ್ನು ಸೋತ ಮೇಲೆ ಹೊರೆ ಬಿಟ್ಟು ಸಾಂಕೋಲೆಯಲ್ಲಿ ರಾತ್ರಿ ಪಾಳಿ ಹಿಡಿದಿದ್ದರು. ಕೂತು ಮಾಡುವ ಕೆಲಸ, ಈ ವಯಸ್ಸಿಗೆ ಅದಕ್ಕಿಂತ ಚಲೋದು ಸಿಗುವುದಿಲ್ಲ ಎಂದು ಅವರೇ ಹೇಳುತ್ತಿದ್ದರು.

ಆಫೀಸಿಗೆ ಓಡಿ ಫೈಲು ತೆರೆದೆ. ಅದಲುಬದಲಾದ ಸಾಲುಗಳು ಕಂಡವು, ಅವುಗಳ ಮುಂದೆ ಬೂದು ಬಣ್ಣದಲ್ಲಿ ನನ್ನ ಹೆಸರು. ನನ್ನ ಕೈ ಅಲ್ಲಿಗೆ ಹೋಗಿರಲೇ ಇಲ್ಲ. ಸರ್ ಅವರನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿದರು. "ನಾನೇ" ಎಂದರು ಕೊಂಕಣಿಯಲ್ಲಿ, "ಚೆಂದ ಕಾಣಲಿ ಎಂದು ಒತ್ತಿದೆ. ನಾನೇ ಬರೆದದ್ದು, ನನಗೇ ಮರೆತುಹೋಯಿತು." ಅವರ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಆಗಲೇ ಸಾಲುಗಳನ್ನು ಮೊದಲಿನಂತೆ ಇಟ್ಟು, ಮಾಲೀಕನ ಕೋಣೆಗೆ ಹೋಗಿ ಒಪ್ಪಿಕೊಂಡೂ ಬಂದರು.

ಆದರೆ ಮಾಲೀಕ ಅಷ್ಟು ಹೊತ್ತಿಗೆ ಫೋನ್ ಮಾಡಿ ಮುಗಿಸಿದ್ದ. ಕಾರ್ಖಾನೆಗೆ ಆಳುಗಳನ್ನು ಒದಗಿಸುವ ಗುತ್ತಿಗೆದಾರನಿಗೆ, "ಒಬ್ಬ ಹುಡುಗಿಯ ಕೈತಪ್ಪು. ಮಂಗೋರ್ ಹಿಲ್‌ನವಳೇ, ನಿಮ್ಮ ಜನರದೇ ಹುಡುಗಿ" ಎಂದು ಹೇಳಿದ್ದ.

"ನಾನು ಮಾಡಿದ್ದಲ್ಲವಲ್ಲ" ಎಂದೆ.

"ಹೆಸರು ನಿನ್ನದೇ ಇತ್ತು. ಈಗ ಸರಿಯಾಯಿತಲ್ಲ, ಬಿಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆಯನ್ನು ಅವನ ಭಾಷೆಗೆ ತಿರುಗಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೊರಬಂದೆ, ಅಷ್ಟೆ.

ಕೋಡ್ ಸರಿಹೋದರೂ ಸತ್ತ ಪಾಸುಗಳು ತಾವಾಗಿ ಏಳುವುದಿಲ್ಲ, ಕಾರ್ಖಾನೆಯವರೇ ಎಬ್ಬಿಸಬೇಕು. ಮರುದಿನ, ರಾತ್ರಿ ಪಾಳಿಯವರೆಲ್ಲ ಗೇಟಿನ ಮುಂದೆ ಗುಂಪುಗೂಡಿ ಗದ್ದಲ ಎಬ್ಬಿಸಿದರಂತೆ. ಹಾಗೆ ನಿಂತು ಕೂಗಿದವರ ಪಾಸುಗಳನ್ನು ಅಲ್ಲೇ ಮತ್ತೆ ಜೀವಂತ ಮಾಡಿ ಒಳಗೆ ಬಿಟ್ಟರು. ಕಾಕಾನ ಪಾಸು ಮಾತ್ರ ತಿರುಗಿ ಬರಲಿಲ್ಲ. ಅವರ ಜಾಗಕ್ಕೆ ಗುತ್ತಿಗೆದಾರ ಬೇರೆಯವನನ್ನು ಹಾಕಿದ್ದ. ಅದು ತಿಳಿದಾಗ ನಾನು ಮತ್ತೆ ಮಾಲೀಕನ ಬಳಿ ಹೋಗಿ, ಇನ್ನೊಂದು ಫೋನ್ ಮಾಡಿ ಎಂದು ಬೇಡಿಕೊಂಡೆ. ಆಳುಗಳ ವಿಷಯ ನಮ್ಮದಲ್ಲ ಎಂದ. ಗುತ್ತಿಗೆದಾರನಿಗೆ ನಾನೇ ಫೋನ್ ಮಾಡಿದೆ. ಜಾಗ ತುಂಬಿದೆ, ಆಮೇಲೆ ನೋಡೋಣ ಎಂದು ಇಟ್ಟುಬಿಟ್ಟ.

ಕಾಕಾ ನಾಕಾಕ್ಕೆ ಹೋಗತೊಡಗಿದರು. ನಾಕಾ ಎಂದರೆ ಬೆಳಿಗ್ಗೆ ಕೂಲಿಯವರು ಸಲಿಕೆ ಪುಟ್ಟಿ ಹಿಡಿದು, ಯಾರಾದರೂ ಕರೆದಾರು ಎಂದು ಕಾದು ನಿಲ್ಲುವ ಜಾಗ. ನಾನು ಆಫೀಸಿಗೆ ಹೋಗುವ ಬಸ್ಸು ಅದರ ಮುಂದೆಯೇ ಹಾಯುತ್ತದೆ. ಮೇಸ್ತ್ರಿಗಳು ಬಂದು ಎಳೆಯ ಹುಡುಗರನ್ನು ಆರಿಸಿಕೊಂಡು ಹೋಗುತ್ತಿದ್ದರು. ಕಾಕಾ ಬಿಸಿಲೇರುವವರೆಗೂ ನಿಂತೇ ಇರುತ್ತಿದ್ದರು. ನಾನು ಬಸ್ಸಿನ ಆಚೆ ಬದಿಯ ಸೀಟಿನಲ್ಲಿ ಕೂರಲು ಕಲಿತೆ. ನಾನು ತಪ್ಪು ಮಾಡಿಲ್ಲ, ಮತ್ತೇಕೆ ಮುಖ ಮರೆಸಬೇಕು ಎಂದು ನನ್ನ ಮೇಲೇ ಉರಿ ಹತ್ತುತ್ತಿತ್ತು. ಗುತ್ತಿಗೆದಾರ ಹೇಳಿದ್ದು ನಮ್ಮ ಗಲ್ಲಿಗೂ ಮುಟ್ಟಿತ್ತು, ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಅವ್ವ ನಳದ ಹತ್ತಿರದಿಂದ ಎಲ್ಲರೂ ಹೋದ ಮೇಲೆ ನೀರಿಗೆ ಹೋಗುತ್ತಿದ್ದಳು. ಒಂದು ಸಂಜೆ ತಡೆಯಲಾಗಲಿಲ್ಲ. ಎಲ್ಲ ಬಿಡಿಸಿ ಹೇಳಿಬಿಡುತ್ತೇನೆ, ಸರ್ ಅವರನ್ನೇ ಕರೆತಂದು ಹೇಳಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಕಾಕಾನ ಮನೆಗೆ ಹೋದೆ.

ಕಾಕಾ ಮುಂದಕ್ಕೆ ಬಾಗಿ ಕೂತಿದ್ದರು. ಕಾಕು ಅವರ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. "ಬಾರವ್ವಾ, ಕುಂದ್ರ" ಎಂದರು. ಯಾವಾಗಲೂ ಎನ್ನುವಂತೆಯೇ ಎಂದರು.

"ಕಾಕಾ, ಎಲ್ಲಾರೂ ಗೇಟಿಗೆ ಹೋಗಿ ಕೇಳಿದ್ರಂತ. ನೀವ್ಯಾಕ ಹೋಗ್ಲಿಲ್ರಿ?" ನಾನು ಅಲ್ಲಿಂದ ಶುರುಮಾಡಿದೆ.

ಕಾಕುವಿಗೆ ತಡೆಯಲಾಗಲಿಲ್ಲ. "ಹ್ಯಾಂಗ ಹೋಗ್ತಾರ? ಗುತ್ತೇದಾರ ಇವ್ರನ್ನ ಬಾಜೂಕ ಕರದು ಅಂದಾನ, ನಿಮ್ಮ ಬಾಜೂಮನಿ ಹುಡುಗೀನ ಮಾಡೇತಿ, ನೀವೂ ನಿಂತ ಒದರಿದ್ರ ಅದರ ನೌಕರಿ ಹೋಗತೈತಿ ಅಂತ. ಎಲ್ಲಾರೂ ಗೇಟಿಗೆ ಹೋದ್ರು, ಇವ್ರು ಮನಿಗೆ ಬಂದ್ರು."

"ಸುಮ್ಮಕಿರ" ಎಂದು ಕಾಕಾ ಅವಳನ್ನು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾರೆ ಯಾರರ ಮಾಡಿದ್ದರ ಬಿಡತಿದ್ದಿಲ್ಲವಾ ನಾ. ಗೇಟ್ ಮುರದ ಬರತಿದ್ದೆ. ನಮ್ಮ ಹುಡುಗಿ ಅಂದ ಮ್ಯಾಲ ಏನ್ ಮಾಡೂದು? ನಿಮ್ಮಪ್ಪ ಇದ್ದಿದ್ರ ಅವನೂ ತಿರುಗಿ ಬರತಿದ್ದ" ಎಂದರು.

ನಾನು ಹೇಳಲು ಬಂದ ಮಾತು ನಾಲಿಗೆಯ ಮೇಲೇ ಇತ್ತು. ಅದು ನಾನಲ್ಲ ಕಾಕಾ ಎಂದರೆ ಸಾಕಿತ್ತು. ಗಲ್ಲಿಯ ಬಾಯಿ ಮುಚ್ಚುತ್ತಿತ್ತು, ಅವ್ವ ಎಲ್ಲರ ಜೊತೆ ನೀರಿಗೆ ಹೋಗುತ್ತಿದ್ದಳು. ಆದರೆ ಕಾಕಾ ಯಾರಿಗಾಗಿ ತಿರುಗಿ ಬಂದಂತಾಗುತ್ತಿತ್ತು? ಕೂತು ಮಾಡುವ ಆ ಕೆಲಸವನ್ನು, ತನಗೆ ಗುರುತೇ ಇಲ್ಲದ ಒಬ್ಬರಿಗಾಗಿ, ಒಂದು ಫೋನಿನ ಸುಳ್ಳಿಗಾಗಿ ಕಳೆದುಕೊಂಡೆ ಎಂದು ತಿಳಿದ ಮೇಲೆ ಈ ಮನುಷ್ಯ ನಾಳೆ ಬೆಳಿಗ್ಗೆ ನಾಕಾದಲ್ಲಿ ಹೇಗೆ ನಿಲ್ಲಬೇಕು? ನನಗೆ ಅಳು ಒತ್ತಿಕೊಂಡು ಬಂತು. ಮಾಲೀಕನ ಮೇಲಿನ ಸಿಟ್ಟೂ ಅದರಲ್ಲೇ ಸೇರಿಕೊಂಡಿತ್ತು.

"ತಪ್ಪಾತ್ರಿ ಕಾಕಾ" ಎಂದೆ.

ಕಾಕಾ ಕೈ ಚಾಚಿ ನನ್ನ ತಲೆ ಮುಟ್ಟಿದರು. "ಇರ್ಲಿ ಬಿಡ. ಇನ್ನ ಮ್ಯಾಲರ ಜ್ವಾಕಿಯಿಂದ ಮಾಡವ್ವಾ" ಎಂದರು.

"ಹೂನ್ರಿ" ಎಂದೆ.